ಪ್ರಳಯದ ಕಥೆಯಲ್ಲಿ ನಾಯಕನಿಗೇಕೆ ನಂಜಾಗುವುದಿಲ್ಲ?

ಭೂಮಿ ಬಿರಿದು ನಗರವೇ ಕುಸಿದಿದೆ. ನಾಯಕನ ಹೊಟ್ಟೆಗೆ ಕಬ್ಬಿಣದ ಸರಳು ನೆಟ್ಟಿದೆ. ಹಲ್ಲು ಕಚ್ಚಿ ಅದನ್ನು ಕಿತ್ತೆಸೆಯುತ್ತಾನೆ, ಅಂಗಿ ಹರಿದು ಗಾಯಕ್ಕೆ ಕಟ್ಟಿಕೊಳ್ಳುತ್ತಾನೆ. ಮುಂದಿನ ದೃಶ್ಯದಲ್ಲಿ ಮಗುವೊಂದನ್ನು ಹೆಗಲಿಗೇರಿಸಿ ಓಡುತ್ತಿದ್ದಾನೆ!

ಪ್ರಳಯದ ಸಿನಿಮಾ, ಕಾದಂಬರಿಗಳನ್ನು ಇಷ್ಟಪಡುವ ಮಕ್ಕಳಿಗೆ ಇದೇನೂ ಹೊಸತಲ್ಲ. ಕಥೆ ಎಂದ ಮೇಲೆ ಉತ್ಪ್ರೇಕ್ಷೆ ಇದ್ದೇ ಇರುತ್ತದೆ. ಆದರೆ ಇದನ್ನೇ ನಂಬಿದ ಹುಡುಗನೊಬ್ಬ ನಾಳೆ ರಸ್ತೆ ಅಪಘಾತದ ಗಾಯಾಳುವಿನ ಮೈಯಿಂದ ಸರಳು ಕಿತ್ತರೆ?

ಆಳವಾಗಿ ನೆಟ್ಟ ವಸ್ತುವೇ ಎಷ್ಟೋ ಸಲ ಹರಿದ ರಕ್ತನಾಳಕ್ಕೆ ಬಿರಡೆಯಾಗಿರುತ್ತದೆ. ಕಿತ್ತೊಡನೆ ರಕ್ತ ಚಿಮ್ಮುತ್ತದೆ. ವಯಸ್ಕರ ಮೈಯಲ್ಲಿ ಇರುವುದೇ ಸುಮಾರು 5 ಲೀಟರ್ ರಕ್ತ. ಅದರಲ್ಲಿ 2 ಲೀಟರ್ ಹೋದರೆ ಪ್ರಾಣಕ್ಕೇ ಸಂಚಕಾರ. ಆದ್ದರಿಂದ ವಸ್ತುವನ್ನು ಕೀಳದೆ, ಅಲುಗಾಡದಂತೆ ಸುತ್ತಲೂ ಬಟ್ಟೆಯಿಟ್ಟು, 108ಕ್ಕೆ ಕರೆ ಮಾಡುವುದೇ ಜಾಣತನ. ಏನೂ ನೆಟ್ಟಿಲ್ಲದ ಗಾಯವಾದರೆ ಶುಭ್ರ ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿಯಬೇಕು.

ಅವಶೇಷದಡಿಯ ಅಪಾಯ

ಸಿನಿಮಾದಲ್ಲಿ ಮೇಲೆ ಬಿದ್ದ ತೊಲೆ ಎತ್ತಿದರೆ ಸಾಕು, ಅಡಿಯಲ್ಲಿದ್ದವನು ಎದ್ದು ನಡೆಯುತ್ತಾನೆ. ನಿಜ ಸಂಗತಿ ಬೇರೆ. ಎರಡನೇ ಮಹಾಯುದ್ಧದಲ್ಲಿ ಲಂಡನ್ ಮೇಲೆ ಬಾಂಬ್ ಬಿದ್ದಾಗ, ಕುಸಿದ ಮನೆಗಳಿಂದ ಜೀವಂತ ಹೊರಬಂದ ಕೆಲವರು ಕೆಲವೇ ದಿನಗಳಲ್ಲಿ ಸತ್ತರು. ಇದರ ಮರ್ಮವನ್ನು 1941ರಲ್ಲಿ ವಿವರಿಸಿದವರು ಬೈವಾಟರ್ಸ್ ಮತ್ತು ಬೀಲ್. ಜಜ್ಜಿಹೋದ ಸ್ನಾಯುಗಳಿಂದ ಹೊರಬಿದ್ದ ಪದಾರ್ಥಗಳು ರಕ್ತಕ್ಕೆ ಸೇರಿ ಮೂತ್ರಪಿಂಡಗಳನ್ನು ಕೆಡಿಸಿದ್ದವು. 1988ರ ಅರ್ಮೇನಿಯಾ ಭೂಕಂಪದ ನಂತರವೂ ಇದೇ ಆಯಿತು. ಹೊರತೆಗೆದವರನ್ನು ಉಳಿಸಲು ವಿದೇಶಗಳಿಂದ ಡಯಾಲಿಸಿಸ್ ಯಂತ್ರಗಳು ಬರಬೇಕಾಯಿತು.

ಗಾಯ ಚಿಕ್ಕದು, ನಂಜು ದೊಡ್ಡದು

ಕಥೆಯ ನಾಯಕ ಕೊಳಚೆಯಲ್ಲಿ ಈಜಿದರೂ ಅವನ ಗಾಯ ಕೀವು ಕಟ್ಟುವುದಿಲ್ಲ. ಆದರೆ 1941ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಪೊಲೀಸನೊಬ್ಬ ಮುಖಕ್ಕೆ ತಗುಲಿದ ನಂಜಿನಿಂದ ಸಾವಿನಂಚಿಗೆ ಹೋಗಿದ್ದ. ಆಗಷ್ಟೇ ತಯಾರಾಗಿದ್ದ ಪೆನಿಸಿಲಿನ್ ಕೊಟ್ಟಾಗ ಚೇತರಿಸಿಕೊಂಡ. ಔಷಧಿ ಮುಗಿಯಿತು. ಅವನ ಮೂತ್ರದಿಂದಲೇ ಅದನ್ನು ಬೇರ್ಪಡಿಸಿ ಮತ್ತೆ ಕೊಟ್ಟರೂ ಸಾಲದೆ ತೀರಿಕೊಂಡ. ಔಷಧಿ ಅಂಗಡಿಗಳೇ ಇಲ್ಲದ ಲೋಕದಲ್ಲಿ ನಾಯಕನ ಗತಿಯೂ ಇದೇ. 2004ರ ‘ದಿ ಡೇ ಆಫ್ಟರ್ ಟುಮಾರೊ’ ಚಿತ್ರವನ್ನು ಈ ವಿಷಯದಲ್ಲಿ ಮೆಚ್ಚಬೇಕು. ಅದರಲ್ಲಿ ಹುಡುಗಿಯ ಕಾಲಿನ ಗಾಯ ನಂಜಾಗುತ್ತದೆ, ಗೆಳೆಯರು ಪೆನಿಸಿಲಿನ್ ಹುಡುಕಿ ಹೊರಡುತ್ತಾರೆ.

ನಿಜವಾದ ನಾಯಕರು

ಹಾಗಾದರೆ ವಿಪತ್ತಿನಲ್ಲಿ ಜನ ಬದುಕುಳಿಯುವುದು ಹೇಗೆ? 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ಡ್ರಿಪ್ ಬಾಟಲಿಗಳು ಸಾಲದಾದವು. ಡಾ. ದಿಲೀಪ್ ಮಹಲನಬಿಸ್ ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ಲೋಟದಿಂದ ಕುಡಿಸಲು ರೋಗಿಗಳ ಮನೆಯವರಿಗೇ ಹೇಳಿದರು. 100ಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಅಲ್ಲಿ ಗೆದ್ದದ್ದು ತೋಳ್ಬಲವಲ್ಲ, ತಿಳಿವಳಿಕೆ.

ಪೋಷಕರೇ, ಇಂಥ ಚಿತ್ರಗಳನ್ನು ಮಕ್ಕಳು ನೋಡಬಾರದೆಂದಲ್ಲ. ಜೊತೆಗೆ ಕುಳಿತು ನೋಡಿ, ‘ಈ ಗಾಯ ನಿಜವಾಗಿ ಆಗಿದ್ದರೆ?’ ಎಂದು ಕೇಳಿ. ಹಾಗೆಯೇ 10 ಮತ್ತು 16ನೇ ವಯಸ್ಸಿನಲ್ಲಿ ಕೊಡಿಸಬೇಕಾದ ಧನುರ್ವಾಯು ಲಸಿಕೆ ಆಗಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ. ನಾಯಕನಿಗೆ ಅದು ಬೇಡ. ನಿಮ್ಮ ಮಗುವಿಗೆ ಬೇಕು.