ನಿಮ್ಮ ಕ್ಲೌಡ್ ಸರ್ವರ್ ಯಾವ ಯಂತ್ರದ ಮೇಲಿದೆ? ಐದು ತಪ್ಪು ಕಲ್ಪನೆಗಳು

ಕ್ಲೌಡ್‌ನಲ್ಲಿ ನಾವು ಬಾಡಿಗೆಗೆ ಪಡೆಯುವ ಸರ್ವರ್ ಹೆಚ್ಚಾಗಿ ಒಂದು ವರ್ಚುವಲ್ ಮೆಷಿನ್. ಅದು ಯಾವುದೋ ಡೇಟಾ ಸೆಂಟರಿನ ಭೌತಿಕ ಯಂತ್ರವೊಂದರ ಮೇಲೆ, ಅಪರಿಚಿತ ಗ್ರಾಹಕರ ಮೆಷಿನ್‌ಗಳ ಜೊತೆ ಓಡುತ್ತಿರುತ್ತದೆ. ಆ ಯಂತ್ರವನ್ನು ಗುರುತಿಸುವ ವಿಚಾರದಲ್ಲಿ ಐಟಿಯವರಲ್ಲೂ ಕೆಲವು ತಪ್ಪು ತಿಳಿವಳಿಕೆಗಳಿವೆ.

ತಪ್ಪು ಕಲ್ಪನೆ 1: ಕೆಳಗೆ ಯಾವ ಯಂತ್ರವಿದ್ದರೂ ಗ್ರಾಹಕರಿಗೆ ಅದರ ಗೊಡವೆ ಬೇಡ.

ಸತ್ಯ: ಡೇಟಾಬೇಸೂ ಅದರ ನಕಲೂ ಒಂದೇ ಯಂತ್ರದ ಮೇಲಿದ್ದರೆ, ಅದು ಕೆಟ್ಟ ದಿನ ಎರಡೂ ಒಟ್ಟಿಗೆ ನಿಲ್ಲುತ್ತವೆ. ಕ್ಲೌಡ್ ನಡೆಸಲು ಬಳಸುವ ಮುಕ್ತ ತಂತ್ರಾಂಶ ಓಪನ್‌ಸ್ಟ್ಯಾಕ್‌ನ ಆಂಟಿ-ಅಫಿನಿಟಿ ಗುಂಪು, ಅಮೆಜಾನ್‌ನ ಕ್ಲೌಡ್ ಸೇವೆ ಇಸಿ2ನ ಸ್ಪ್ರೆಡ್ ಪ್ಲೇಸ್‌ಮೆಂಟ್ ಗ್ರೂಪ್ ಹುಟ್ಟಿದ್ದೇ ಇದನ್ನು ತಪ್ಪಿಸಲು. ಎರಡು ಮೆಷಿನ್‌ಗಳು ಬೇರೆ ಬೇರೆ ಕಡೆ ಇವೆಯೇ ಎಂದು ಖಾತ್ರಿಪಡಿಸಿಕೊಳ್ಳುವ ಹಕ್ಕು ಗ್ರಾಹಕರಿಗಿದೆ.

ತಪ್ಪು ಕಲ್ಪನೆ 2: ಹಾಗಾದರೆ ಯಂತ್ರದ ಹೆಸರನ್ನೇ ಹೇಳಿಬಿಟ್ಟರಾಯಿತು.

ಸತ್ಯ: 2009ರಲ್ಲಿ ರಿಸ್ಟೆನ್‌ಪಾರ್ಟ್, ಟ್ರೋಮರ್, ಶಾಚಮ್ ಮತ್ತು ಸ್ಯಾವೇಜ್ ಎಂಬ ಸಂಶೋಧಕರು ಇಸಿ2ನ ಒಳ ಐಪಿ ವಿಳಾಸಗಳ ಜಾಡು ಹಿಡಿದು, ಗುರಿಯಿಟ್ಟ ಮೆಷಿನ್ ಇರುವ ಯಂತ್ರದಲ್ಲೇ ತಮ್ಮದನ್ನೂ ತಂದು ಕೂರಿಸಬಹುದೆಂದು ತೋರಿಸಿದರು. ಒಂದು ಬಗೆಯ ಪ್ರಯೋಗದಲ್ಲಿ ಶೇ. 40ರಷ್ಟು ಯಶಸ್ಸು ಸಿಕ್ಕಿತು. ಹಾಗೆ ಪಕ್ಕಕ್ಕೆ ಬಂದವರು ಇಬ್ಬರೂ ಹಂಚಿಕೊಂಡ ಪ್ರೊಸೆಸರ್ ಕ್ಯಾಶ್ (ತಾತ್ಕಾಲಿಕ ಸ್ಮೃತಿ) ಮೂಲಕ ಮಾಹಿತಿ ಕದಿಯಲು ಯತ್ನಿಸಬಹುದು. ಹೆಸರನ್ನೇ ಕೊಟ್ಟರೆ ದಾಳಿಕೋರರಿಗೆ ಜಾಡು ಹಿಡಿಯುವ ಶ್ರಮವೂ ಉಳಿಯುತ್ತದೆ.

ತಪ್ಪು ಕಲ್ಪನೆ 3: ಹೆಸರನ್ನು ಹ್ಯಾಶ್ ಮಾಡಿಬಿಟ್ಟರೆ ಗುಟ್ಟು ಭದ್ರ.

ಸತ್ಯ: ಅರ್ಧ ಮಾತ್ರ ನಿಜ. ಹ್ಯಾಶ್ ಎಂದರೆ ಯಾವುದೇ ಪಠ್ಯವನ್ನು ನಿಗದಿತ ಉದ್ದದ ಅಕ್ಷರಸಾಲಾಗಿಸುವ ಲೆಕ್ಕ. ಓಪನ್‌ಸ್ಟ್ಯಾಕ್‌ನಲ್ಲಿ ವರ್ಚುವಲ್ ಮೆಷಿನ್‌ಗಳನ್ನು ನಿಭಾಯಿಸುವ ಭಾಗವಾದ ನೋವಾ, ಗ್ರಾಹಕರಿಗೆ 'ಹೋಸ್ಟ್‌ಐಡಿ' ಎಂಬ ಗುರುತು ಕೊಡುತ್ತದೆ. ಗ್ರಾಹಕರ ಪ್ರಾಜೆಕ್ಟ್ ಐಡಿಗೆ ಯಂತ್ರದ ಹೆಸರನ್ನು ಜೋಡಿಸಿ, ಎಸ್‌ಎಚ್‌ಎ-224 ವಿಧಾನದಲ್ಲಿ ಹ್ಯಾಶ್ ಮಾಡಿದಾಗ ಬರುವ 56 ಅಕ್ಷರಗಳ ಸಾಲು ಅದು. ನಿಮ್ಮ ಎರಡು ಮೆಷಿನ್‌ಗಳ ಹೋಸ್ಟ್‌ಐಡಿ ಒಂದೇ ಆಗಿದ್ದರೆ ಅವೆರಡೂ ಒಂದೇ ಯಂತ್ರದಲ್ಲಿವೆ ಎಂದರ್ಥ. ಅದೇ ಯಂತ್ರದಲ್ಲಿರುವ ಇನ್ನೊಬ್ಬ ಗ್ರಾಹಕರ ಪ್ರಾಜೆಕ್ಟ್ ಐಡಿ ಬೇರೆ, ಹಾಗಾಗಿ ಅವರಿಗೆ ಕಾಣುವ ಸಾಲೂ ಬೇರೆ. ಇಬ್ಬರೂ ಕೂತು ತಾಳೆ ನೋಡಿದರೂ ಏನೂ ಹೊಳೆಯದು.

ಆದರೆ ನಿಮ್ಮ ಪ್ರಾಜೆಕ್ಟ್ ಐಡಿ ನಿಮಗೆ ಗೊತ್ತಿರುತ್ತದೆ. ಯಂತ್ರಗಳಿಗೆ 'ಕಂಪ್ಯೂಟ್-001', 'ಕಂಪ್ಯೂಟ್-002' ಎಂದು ಸಾಲಾಗಿ ಹೆಸರಿಟ್ಟಿದ್ದರೆ, 999ರವರೆಗೆ ಒಂದೊಂದನ್ನೂ ಹ್ಯಾಶ್ ಮಾಡಿ ಹೋಲಿಸಲು ಸಾಧಾರಣ ಲ್ಯಾಪ್‌ಟಾಪಿಗೆ ಕ್ಷಣವೂ ಬೇಡ. ಹ್ಯಾಶನ್ನು ಹಿಂದಕ್ಕೆ ಬಿಡಿಸಲಾಗದು ನಿಜ. ಊಹಿಸಿ ತಾಳೆ ಹಾಕುವುದನ್ನು ಅದು ತಡೆಯುವುದಿಲ್ಲ. ಇದಕ್ಕೆ ಪರಿಹಾರ ಎಚ್‌ಮ್ಯಾಕ್, ಅಂದರೆ ಕ್ಲೌಡ್ ನಡೆಸುವವರ ಬಳಿ ಮಾತ್ರ ಇರುವ ರಹಸ್ಯ ಕೀಲಿಯನ್ನೂ ಸೇರಿಸಿ ಮಾಡುವ ಹ್ಯಾಶ್. ಕೀಲಿಯಿಲ್ಲದೆ ಊಹೆಗೆ ದಾರಿಯಿಲ್ಲ.

ತಪ್ಪು ಕಲ್ಪನೆ 4: ಮೆಷಿನ್ ಒಳಗೆ ಕಾಣುವ ಸೀರಿಯಲ್ ನಂಬರ್ ನೋಡಿದರೆ ಸಾಕು.

ಸತ್ಯ: ಅಲ್ಲಿ ಏನು ಕಾಣಬೇಕೆಂದು ತೀರ್ಮಾನಿಸುವುದು ಹೈಪರ್‌ವೈಸರ್, ಅಂದರೆ ಭೌತಿಕ ಯಂತ್ರದ ಮೇಲೆ ವರ್ಚುವಲ್ ಮೆಷಿನ್‌ಗಳನ್ನು ಓಡಿಸುವ ತಂತ್ರಾಂಶ. ಹಿಂದೆ ನೋವಾ ಭೌತಿಕ ಯಂತ್ರದ ಗುರುತನ್ನೇ ಒಳಗಿನ ಮೆಷಿನ್‌ಗಳಿಗೆ ತೋರಿಸುತ್ತಿತ್ತು. ಅದು ಸೋರಿಕೆ ಎಂದು ಓಪನ್‌ಸ್ಟ್ಯಾಕ್ ಭದ್ರತಾ ಟಿಪ್ಪಣಿಯೇ ಎಚ್ಚರಿಸಿತು. ಈಗ ನೋವಾ ತಾನಾಗಿ ತೋರಿಸುವುದು ಆಯಾ ವರ್ಚುವಲ್ ಮೆಷಿನ್‌ನ ಸ್ವಂತ ಐಡಿಯನ್ನು.

ತಪ್ಪು ಕಲ್ಪನೆ 5: ಒಮ್ಮೆ ಪತ್ತೆಯಾದರೆ ಅದೇ ವಿಳಾಸ ಖಾಯಂ.

ಸತ್ಯ: ಲೈವ್ ಮೈಗ್ರೇಶನ್‌ನಲ್ಲಿ ಮೆಷಿನ್ ಓಡುತ್ತಿರುವಾಗಲೇ ಬೇರೆ ಯಂತ್ರಕ್ಕೆ ಹೋಗುತ್ತದೆ, ಹೋಸ್ಟ್‌ಐಡಿಯೂ ಬದಲಾಗುತ್ತದೆ. ಇಸಿ2ನಲ್ಲಿ ರೀಬೂಟ್ ಮಾಡಿದರೆ ಮೆಷಿನ್ ಸಾಮಾನ್ಯವಾಗಿ ಇದ್ದಲ್ಲೇ ಇರುತ್ತದೆ. ನಿಲ್ಲಿಸಿ ಮತ್ತೆ ಶುರು ಮಾಡಿದರೆ ಬಹುಪಾಲು ಹೊಸ ಯಂತ್ರಕ್ಕೆ ಹೋಗುತ್ತದೆ.

ಗ್ರಾಹಕರಿಗೆ ಬೇಕಾದ ಉತ್ತರ 'ಎರಡೂ ಒಂದೇ ಕಡೆ ಇವೆಯೋ, ಇಲ್ಲವೋ' ಎಂಬುದಷ್ಟೇ. ಕ್ಲೌಡ್ ನಡೆಸುವವರು ಅಷ್ಟನ್ನು ಧಾರಾಳವಾಗಿ ಹೇಳಲಿ. ಯಂತ್ರದ ಹೆಸರು, ಸೀರಿಯಲ್ ನಂಬರ್ ಮತ್ತು ಕೀಲಿ ತಮ್ಮ ಬಳಿಯೇ ಇಟ್ಟುಕೊಳ್ಳಲಿ.