14 ದಿನಗಳ ಲೆಕ್ಕ

ಲಸಿಕೆ ಕೈಗೆ ಬರುವ ತನಕ ಜನರನ್ನು ಉಳಿಸಿಕೊಳ್ಳುವುದು ಹೇಗೆ? 2006ರಲ್ಲಿ ಅಮೆರಿಕದ ಶ್ವೇತಭವನಕ್ಕಾಗಿ ಫ್ಲೂ ಪಿಡುಗಿನ ಸಿದ್ಧತೆಯಲ್ಲಿ ತೊಡಗಿದ್ದ ವೈದ್ಯರಾದ ರಿಚರ್ಡ್ ಹ್ಯಾಚೆಟ್ ಮತ್ತು ಕಾರ್ಟರ್ ಮೆಷರ್ ಅವರನ್ನು ಕಾಡಿದ ಪ್ರಶ್ನೆ ಇದು. ಶಾಲೆ ಮುಚ್ಚಿ, ಗುಂಪು ಸೇರುವುದನ್ನು ನಿಲ್ಲಿಸಿದರೆ ಸಾವು ತಗ್ಗೀತು ಎಂದು ಅವರಿಗೆ ಅನ್ನಿಸಿತ್ತು. ಸಿಡುಬಿನ ನಿರ್ಮೂಲನದ ಮುಂದಾಳು ಡಿ.ಎ. ಹೆಂಡರ್ಸನ್ ಅವರಂಥ ಹಿರಿಯರೇ ಅದನ್ನು ಒಪ್ಪಲಿಲ್ಲ.

ಜನರ ಮೇಲೆ ಪ್ರಯೋಗ ಮಾಡಿ ನೋಡುವಂತಿಲ್ಲ. ಆದರೆ 1918ರ ಫ್ಲೂ ಪಿಡುಗಿನಲ್ಲಿ ಅದು ತಾನಾಗಿಯೇ ನಡೆದುಹೋಗಿತ್ತು. ಹಾರ್ವರ್ಡ್‌ನ ಮಾರ್ಕ್ ಲಿಪ್ಸಿಚ್ ಅವರೊಂದಿಗೆ ಸೇರಿ ಇಬ್ಬರೂ ಹಳೆಯ ದಾಖಲೆ ತೆರೆದರು. ಅಮೆರಿಕದ 17 ನಗರಗಳಲ್ಲಿ ಯಾವ ದಿನ ಏನನ್ನು ಮುಚ್ಚಿದರು, ಆಮೇಲೆ ಎಷ್ಟು ಮಂದಿ ಸತ್ತರು ಎಂದು ಪಕ್ಕಪಕ್ಕ ಇಟ್ಟು ನೋಡಿದರು.

ಫಿಲಡೆಲ್ಫಿಯಾದಲ್ಲಿ ಸೆಪ್ಟೆಂಬರ್ 17ಕ್ಕೆ ಕಾಯಿಲೆ ಪತ್ತೆಯಾಯಿತು. ಆದರೂ 28ರಂದು ಯುದ್ಧದ ಸಾಲಪತ್ರ ಮಾರಲು ಭಾರೀ ಮೆರವಣಿಗೆ ನಡೆಯಿತು. ಸುಮಾರು ಎರಡು ಲಕ್ಷ ಜನ ಬೀದಿಯಲ್ಲಿ ಒತ್ತೊತ್ತಿ ನಿಂತರು. ನಗರ ಬಾಗಿಲು ಹಾಕಿದ್ದು ಅಕ್ಟೋಬರ್ 3ಕ್ಕೆ. ಸೇಂಟ್ ಲೂಯಿಸ್‌ನಲ್ಲಿ ನಾಗರಿಕರಲ್ಲಿ ಮೊದಲ ಪ್ರಕರಣ ಕಂಡದ್ದು ಅಕ್ಟೋಬರ್ 5ರಂದು. ಆರೋಗ್ಯಾಧಿಕಾರಿ ಮ್ಯಾಕ್ಸ್ ಸ್ಟಾರ್ಕ್‌ಲಾಫ್ ಎರಡೇ ದಿನದಲ್ಲಿ ಶಾಲೆ, ಚಿತ್ರಮಂದಿರ, ಚರ್ಚುಗಳನ್ನು ಮುಚ್ಚಿಸಿದರು. ಪಿಡುಗು ತುದಿ ಮುಟ್ಟಿದ ವಾರದಲ್ಲಿ ಫಿಲಡೆಲ್ಫಿಯಾದಲ್ಲಿ ಲಕ್ಷಕ್ಕೆ 257 ಹೆಚ್ಚುವರಿ ಸಾವು. ಸೇಂಟ್ ಲೂಯಿಸ್‌ನಲ್ಲಿ 31. ಕ್ರಮ ಕೈಗೊಂಡ ವೇಗದಲ್ಲಿ ಎರಡರ ನಡುವಿನ ಅಂತರ ಬರೀ 14 ದಿನ. ಅಷ್ಟರಲ್ಲಿ ಸೋಂಕು ಮೂರರಿಂದ ಐದು ಸಲ ಇಮ್ಮಡಿಯಾಗುತ್ತದೆ.

ಹ್ಯಾಚೆಟ್, ಮೆಷರ್, ಲಿಪ್ಸಿಚ್ ಅವರ ಪ್ರಬಂಧ 2007ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬಂತು. ಅದರ ಜೊತೆಗೇ ಅಚ್ಚಾದ ಮಾರ್ಟಿನ್ ಬೂಟ್ಸ್ಮಾ, ನೀಲ್ ಫರ್ಗುಸನ್ ಅವರ ಲೆಕ್ಕ ನನ್ನನ್ನು ಇನ್ನೂ ಆಳವಾಗಿ ತಟ್ಟಿತು. ಸಾವು ಏರಿದಾಗ ಜನ ತಾವಾಗಿಯೇ ಒಬ್ಬರಿಂದೊಬ್ಬರು ದೂರ ಸರಿದಿದ್ದರು ಎಂಬುದಕ್ಕೆ ಅವರಿಗೆ ಪುರಾವೆ ಸಿಕ್ಕಿತು. ಆದರೆ ಇಂದು ಸತ್ತವರಿಗೆ ಸೋಂಕು ತಗಲಿ ಎಷ್ಟೋ ದಿನಗಳಾಗಿರುತ್ತವೆ. ಭಯ ಹುಟ್ಟುವ ಹೊತ್ತಿಗೆ ಸೋಂಕು ಮುಂದೆ ದಾಟಿರುತ್ತದೆ. ಪ್ಲೇಗಿನ ಕಾಲದಲ್ಲಿ ನಮ್ಮ ಹಿರಿಯರು ಇಲಿ ಸತ್ತು ಬಿದ್ದದ್ದು ಕಂಡೊಡನೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಫ್ಲೂಗೆ ಅಂಥ ಮುನ್ಸೂಚನೆಯೇ ಇಲ್ಲ.

ಭಯ ಇಳಿಯುವುದೂ ಅಷ್ಟೇ ಅಪಾಯ. ನವೆಂಬರ್ ಮಧ್ಯದಲ್ಲಿ ಸೇಂಟ್ ಲೂಯಿಸ್ ನಿರ್ಬಂಧ ಸಡಿಲಿಸಿತು. ಕಾಯಿಲೆ ಮತ್ತೆ ಏರಿತು. ಶಾಲೆಗಳು ಮತ್ತೆ ಮುಚ್ಚಿದವು.