422 ಬಂದರೆ ತಪ್ಪು ಯಾರದು?

ಪ್ರಶ್ನೆ: ರೇಷ್ಮೆ ಸೀರೆಯ ಆರ್ಡರ್‌ಗಳನ್ನು ಎಪಿಐಗೆ ಕಳಿಸಿದರೆ ಒಮ್ಮೆ 422, ಒಮ್ಮೆ 500 ಬರುತ್ತದೆ. ತಪ್ಪು ನನ್ನದೋ, ಸರ್ವರ್‌ನದೋ? (ಓದುಗರೊಬ್ಬರು, ಕೊಳ್ಳೇಗಾಲ)

ಉತ್ತರ: ಮೊದಲ ಅಂಕಿ ನೋಡಿ. 4 ಇದ್ದರೆ ಸಾಮಾನ್ಯವಾಗಿ ನಿಮ್ಮ ಕಡೆಯದು, 5 ಇದ್ದರೆ ಅವರ ಕಡೆಯದು. 400 ಎಂದರೆ ಬರಹವೇ ಅರ್ಥವಾಗಲಿಲ್ಲ. 422 ಎಂದರೆ ಓದಿದೆ, ಒಪ್ಪಲಿಲ್ಲ. ಪಿನ್‌ಕೋಡ್ 571440ರಲ್ಲಿ ಒಂದು ಅಂಕಿ ಬಿಟ್ಟಿರಬಹುದು. ಹನೂರು ಮೊದಲು ಕೊಳ್ಳೇಗಾಲ ತಾಲ್ಲೂಕಿನಲ್ಲೇ ಇತ್ತು, ಈಗ ಬೇರೆ ತಾಲ್ಲೂಕು. ಹಳೆಯ ವಿಳಾಸಪಟ್ಟಿಯಾದರೆ ಅಲ್ಲೂ ಎಡವಬಹುದು. ಸಂಖ್ಯೆಯ ಜೊತೆ ಬರುವ ಉತ್ತರದ ಒಡಲನ್ನೂ ಓದಿ, ಯಾವ ಕಲಮು ತಪ್ಪೆಂದು ಬಹಳ ಸಲ ಅಲ್ಲೇ ಇರುತ್ತದೆ.

500 ಬಂದಾಗ ಮಾತ್ರ ಆತುರ ಬೇಡ. ಆರ್ಡರ್ ದಾಖಲಾದ ಮೇಲೆಯೇ ಸರ್ವರ್ ಮುಗ್ಗರಿಸಿರಬಹುದು. ಪರಿಶೀಲಿಸದೆ ಮತ್ತೆ ಕಳಿಸಿದರೆ ಒಂದು ಸೀರೆಗೆ ಎರಡು ಬಿಲ್.